ಕವಾಟದ ಆಪರೇಶನ್ ಮತ್ತು ರಕ್ತ: ಸಿದ್ಧತೆ ಮನೆಯಿಂದಲೇ

ಹೃದಯದ ಕವಾಟ ಬದಲಿಸಬೇಕು ಎಂದು ತಜ್ಞರು ಬರೆದುಕೊಟ್ಟ ಚೀಟಿ ಹಿಡಿದು ಬಸವಕಲ್ಯಾಣ, ಹುಮನಾಬಾದ ಕಡೆಯ ಮನೆಯವರು ಬಂದು ಕುಳಿತರೆಂದರೆ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮೊದಲನೆಯದು ಖರ್ಚಿನದು. ಎರಡನೆಯದು, "ಸಾಹೇಬ್ರ, ರಕ್ತ ಎಷ್ಟ ಬಾಟ್ಲಿ ಬೇಕಾಗ್ತದ್ರಿ?"

ಖರ್ಚಿನ ಮಾತು ಮೊದಲಿನಷ್ಟು ಭಯಂಕರವಾಗಿ ಉಳಿದಿಲ್ಲ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಒಂದು ಕಾಲದಲ್ಲಿ ಸೋಲಾಪುರ, ಹೈದರಾಬಾದ ಇಲ್ಲವೆ ಬೆಂಗಳೂರು ಎಂದು ಅಲೆಯುತ್ತಿದ್ದವರಿಗೆ 2016ರಲ್ಲಿ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಆರಂಭವಾಯಿತು. 2024ರ ಡಿಸೆಂಬರಿನಲ್ಲಿ ಅದಕ್ಕೆ 371 ಹಾಸಿಗೆಗಳ ಸ್ವಂತ ಕಟ್ಟಡವೂ ಆಯಿತು. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದಿನಿಂದ ರೈಲಿನಲ್ಲೂ ಹೋಗಬಹುದು.

ರಕ್ತದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಎಷ್ಟು ಬಾಟಲಿ ಎಂಬುದನ್ನು ಸರ್ಜನ್ ಒಬ್ಬರೇ ತೀರ್ಮಾನಿಸುತ್ತಾರೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಜ ನೋಡಿದರೆ ಅದರಲ್ಲಿ ಅರ್ಧದಷ್ಟು ತೀರ್ಮಾನ ಆಪರೇಶನ್ನಿಗೆ ಎರಡು ತಿಂಗಳು ಮೊದಲೇ ರೋಗಿಯ ಮನೆಯಲ್ಲಿ ಆಗಿಹೋಗಿರುತ್ತದೆ. ಅದು ಹೇಗೆ ಎಂಬುದನ್ನು ಈ ವಾರ ನೋಡೋಣ.

ಕವಾಟ ಕೆಡುವುದೇಕೆ?

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಬಾಗಿಲಿನಂತೆ ಒಂದೇ ಕಡೆಗೆ ತೆರೆದು ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬಾರದಂತೆ ತಡೆಯುವುದು ಅವುಗಳ ಕೆಲಸ. ನಮ್ಮ ಭಾಗದಲ್ಲಿ ಇವು ಕೆಡಲು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಗಂಟಲುನೋವು ಬಂದು ಹೋಗುತ್ತದೆ. ಎರಡು–ಮೂರು ವಾರದ ನಂತರ ಜ್ವರದೊಡನೆ ಕೀಲುಗಳು ಒಂದಾದ ಮೇಲೊಂದು ಬಾಯುತ್ತವೆ. ಕೀಲುನೋವು ಗುರುತುಳಿಸದೆ ಹೋಗಿಬಿಡುತ್ತದೆ. ಆದರೆ ಹೃದಯದ ಕವಾಟಕ್ಕೆ ಬಿದ್ದ ಗಾಯ ಉಳಿದು, ವರ್ಷಗಳು ಕಳೆದಂತೆ ಅದು ದಪ್ಪವಾಗಿ, ಅಂಟಿಕೊಂಡು, ತೆರೆಯಲೂ ಆಗದೆ ಮುಚ್ಚಲೂ ಆಗದೆ ಹೋಗುತ್ತದೆ. ಎಡಭಾಗದ ಮೈಟ್ರಲ್ ಕವಾಟಕ್ಕೆ ಈ ಪೆಟ್ಟು ಹೆಚ್ಚು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಕೊಡಿಸಿದರೆ ರೋಗ ಮರುಕಳಿಸುವುದನ್ನು ತಡೆಯಬಹುದು. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಹೀಗಾಗಿ ನಮ್ಮಲ್ಲಿ ಕವಾಟದ ಆಪರೇಶನ್ನಿಗೆ ಹೋಗುವವರು ಮುದುಕರೇ ಆಗಿರಬೇಕಿಲ್ಲ. ಇಪ್ಪತ್ತು, ಮೂವತ್ತು, ನಲವತ್ತರ ವಯಸ್ಸಿನವರು, ಅದರಲ್ಲೂ ಹೆಣ್ಣುಮಕ್ಕಳು ಬಹಳ. ನಲವತ್ತು ಕಿಲೋ ತೂಕ, ಬಿಳಿಚಿದ ಕಣ್ಣುರೆಪ್ಪೆ, ಎರಡು ಮಕ್ಕಳ ತಾಯಿ. ಮುಂದಿನ ಮಾತುಗಳನ್ನು ಓದುವಾಗ ಈ ಚಿತ್ರ ನಿಮ್ಮ ಕಣ್ಣ ಮುಂದಿರಲಿ.

ಯಂತ್ರದಲ್ಲಿ ಓಡುವ ರಕ್ತ

ಕವಾಟ ಬದಲಿಸಲು ಹೃದಯವನ್ನು ನಿಲ್ಲಿಸಿ ತೆರೆಯಬೇಕು. ಅಷ್ಟು ಹೊತ್ತು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಅಮೆರಿಕದ ಡಾ. ಜಾನ್ ಗಿಬ್ಬನ್ 1953ರಲ್ಲಿ ಇಂಥ ಯಂತ್ರವನ್ನು ಬಳಸಿ ಒಬ್ಬ ಯುವತಿಯ ಹೃದಯದೊಳಗಿನ ರಂಧ್ರವನ್ನು ಮುಚ್ಚಿದ ಮೇಲೆ ಈ ದಾರಿ ತೆರೆಯಿತು. ಕೃತಕ ಕವಾಟವನ್ನು ಕೂಡಿಸಿ ರೋಗಿಯನ್ನು ಮನೆಗೆ ಕಳಿಸುವ ಕಾಲ ಬಂದದ್ದು 1960ರಲ್ಲಿ, ಡಾ. ಆಲ್ಬರ್ಟ್ ಸ್ಟಾರ್ ಅವರ ಕೈಯಿಂದ. ನಮ್ಮ ದೇಶದ ಹೆಮ್ಮೆಯ ವಿಷಯವೆಂದರೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ದುಡಿದು ಕಡಿಮೆ ಬೆಲೆಯ ಸ್ವದೇಶಿ ಕವಾಟ ತಯಾರಿಸಿ, 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ರೋಗಿಗೆ ಅಳವಡಿಸಿದರು.

ರಕ್ತಕ್ಕೆ ಒಂದು ಗುಣವಿದೆ. ರಕ್ತನಾಳದ ಒಳಮೈ ಬಿಟ್ಟು ಬೇರೆ ಏನನ್ನು ಮುಟ್ಟಿದರೂ ಅದು ಹೆಪ್ಪುಗಟ್ಟಲು ಹೊರಡುತ್ತದೆ. ಯಂತ್ರದ ಪ್ಲಾಸ್ಟಿಕ್ ನಳಿಕೆಗಳಲ್ಲಿ ರಕ್ತ ಹಾಗೇ ಓಡಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗಿ ಎಲ್ಲವೂ ನಿಂತುಹೋದೀತು. ಅದಕ್ಕಾಗಿ ಯಂತ್ರಕ್ಕೆ ಜೋಡಿಸುವ ಮೊದಲು ಹೆಪಾರಿನ್ ಎಂಬ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಮೈಯಲ್ಲಿರುವ ಅಷ್ಟೂ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಪ್ರೋಟಮಿನ್ ಎಂಬ ಇನ್ನೊಂದು ಔಷಧ ಕೊಟ್ಟು ಆ ಪರಿಣಾಮವನ್ನು ತೆಗೆಯುತ್ತಾರೆ. ಹೆಪಾರಿನ್ ಬರುವುದು ಹೆಚ್ಚಾಗಿ ಹಂದಿಯ ಕರುಳಿನಿಂದ, ಪ್ರೋಟಮಿನ್ ಬಂದದ್ದು ಸಾಮನ್ ಮೀನಿನಿಂದ. ಜೈವಿಕ ಕವಾಟಗಳನ್ನು ದನದ ಇಲ್ಲವೆ ಹಂದಿಯ ಅಂಗಾಂಶದಿಂದ ಮಾಡಿರುತ್ತಾರೆ. ನಮ್ಮಲ್ಲಿ ಲಿಂಗಾಯತ ಮನೆತನದವರೂ ಮುಸಲ್ಮಾನರೂ ಈ ಬಗ್ಗೆ ಸಂಕೋಚದಿಂದ ವಿಚಾರಿಸುವುದುಂಟು. ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡಿ, ಸರ್ಜನ್ ಜೊತೆ ಮೊದಲೇ ಮಾತಾಡಿ. ಕವಾಟದ ವಿಷಯದಲ್ಲಿ ಬೇರೆ ಆಯ್ಕೆಗಳಿವೆ. ಹೆಪಾರಿನ್ ವಿಷಯದಲ್ಲಿ ಹಾಗೆ ಸುಲಭವಾಗಿ ಹೇಳಲಾರೆ. ಜೀವ ಉಳಿಸುವ ಕೆಲಸಕ್ಕೆ ಬೇಕಾದದ್ದು ಎಂದು ತಮ್ಮ ಗುರುಗಳನ್ನೋ ಮೌಲ್ವಿಗಳನ್ನೋ ಕೇಳಿಕೊಂಡು ಒಪ್ಪಿದವರನ್ನು ನೋಡಿದ್ದೇನೆ.

ಯಂತ್ರದಲ್ಲಿ ಒಂದೆರಡು ಗಂಟೆ ಸುತ್ತಿದ ರಕ್ತ ಮೊದಲಿನಂತೆ ಇರುವುದಿಲ್ಲ. ಹೆಪ್ಪುಗಟ್ಟಲು ಮುಖ್ಯವಾದ ಪ್ಲೇಟ್ಲೆಟ್ ಕಣಗಳು ದಣಿಯುತ್ತವೆ, ಸಂಖ್ಯೆಯಲ್ಲೂ ಕಡಿಮೆಯಾಗುತ್ತವೆ. ಮೈ ತಣ್ಣಗಾಗಿರುತ್ತದೆ. ಕಟ್ಟಿದ ಹೆಪ್ಪು ಬೇಗ ಕರಗುವ ಪ್ರವೃತ್ತಿಯೂ ಹೆಚ್ಚುತ್ತದೆ. ಇದನ್ನು ತಡೆಯಲೆಂದೇ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧವನ್ನು ಆಪರೇಶನ್ ವೇಳೆ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಸ್ರಾವ ಹೆಚ್ಚಾದಾಗ ನಾವು ಬರೆದುಕೊಡುವ ಮಾತ್ರೆಯೂ ಅದೇ. ದೊಡ್ಡ ಆಸ್ಪತ್ರೆಗಳಲ್ಲಿ, ಚೆಲ್ಲಿದ ರಕ್ತವನ್ನೇ ಹೀರಿ ತೊಳೆದು ಅದೇ ರೋಗಿಗೆ ಮರಳಿ ಕೊಡುವ ಯಂತ್ರಗಳೂ ಇವೆ.

ಒಂದು ಸಣ್ಣ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಯಂತ್ರದ ನಳಿಕೆಗಳನ್ನು ಮೊದಲು ಲವಣದ ನೀರಿನಿಂದ ತುಂಬಿಸಿರುತ್ತಾರೆ, ದೊಡ್ಡವರಿಗೆ ಸುಮಾರು ಒಂದರಿಂದ ಒಂದೂವರೆ ಲೀಟರ್. ಯಂತ್ರ ಆರಂಭವಾದೊಡನೆ ಈ ನೀರು ರೋಗಿಯ ರಕ್ತದೊಡನೆ ಬೆರೆಯುತ್ತದೆ. ಸಾರಿಗೆ ನೀರು ಹೊಯ್ದಂತೆ ರಕ್ತ ತೆಳ್ಳಗಾಗುತ್ತದೆ.

ಅರವತ್ತು ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 4.2 ಲೀಟರ್ ರಕ್ತ ಇರುತ್ತದೆ. ಅವರ ಹಿಮೋಗ್ಲೋಬಿನ್ 14 ಗ್ರಾಂ ಎಂದಿಟ್ಟುಕೊಳ್ಳಿ. 1.2 ಲೀಟರ್ ನೀರು ಬೆರೆತಾಗ ಅದು 11ರ ಹತ್ತಿರಕ್ಕೆ ಇಳಿಯುತ್ತದೆ. ಚಿಂತೆಯಿಲ್ಲ. ನಾನು ಮೊದಲು ಹೇಳಿದ ನಲವತ್ತು ಕಿಲೋದ ತಾಯಿಯ ಮೈಯಲ್ಲಿ ಇರುವುದೇ 2.6 ಲೀಟರ್. ಆಕೆಯ ಹಿಮೋಗ್ಲೋಬಿನ್ 9 ಇದ್ದರೆ, ಅಷ್ಟೇ ನೀರು ಬೆರೆತಾಗ ಅದು 6ರ ಆಸುಪಾಸಿಗೆ ಬೀಳುತ್ತದೆ. ಸರ್ಜನ್ ಇನ್ನೂ ಕವಾಟವನ್ನು ಮುಟ್ಟಿಲ್ಲ, ಒಂದು ತೊಟ್ಟು ರಕ್ತ ನೆಲಕ್ಕೆ ಬಿದ್ದಿಲ್ಲ, ಆದರೂ ಆಕೆಗೆ ಬೇರೆಯವರ ರಕ್ತ ಬೇಕಾಗುತ್ತದೆ.

ಅದೇ ಹೆಣ್ಣುಮಗಳು 12 ಗ್ರಾಂ ಇಟ್ಟುಕೊಂಡು ಹೋಗಿದ್ದರೆ? ಯಂತ್ರದಲ್ಲಿ ಅದು 8ಕ್ಕೆ ಇಳಿಯುತ್ತಿತ್ತು. ಎಂಟು ಸಾಕೇ ಎಂದು ನೀವು ಕೇಳಬಹುದು. ಹತ್ತೊಂಬತ್ತು ದೇಶಗಳ ಐದು ಸಾವಿರಕ್ಕೂ ಹೆಚ್ಚು ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟವರು, ಅದಕ್ಕಿಂತ ಧಾರಾಳವಾಗಿ ರಕ್ತ ಕೊಟ್ಟವರಷ್ಟೇ ಸುರಕ್ಷಿತವಾಗಿದ್ದರು. ಸರ್ಜನ್‌ರು ಈಗ ಲೆಕ್ಕಕ್ಕಿಂತ ಹೆಚ್ಚು ರಕ್ತ ಕೊಡಲು ಹಿಂಜರಿಯುವುದು ಜಿಪುಣತನದಿಂದಲ್ಲ.

ಒಂಬತ್ತನ್ನು ಹನ್ನೆರಡು ಮಾಡುವುದು ಹೇಗೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚಿನವರಲ್ಲಿ ಕಾರಣ ಕಬ್ಬಿಣಾಂಶದ ಕೊರತೆ. ಆಪರೇಶನ್ನಿನ ತಾರೀಖು ಎರಡು ತಿಂಗಳು ಆಚೆ ಇದೆ ಎಂದರೆ ಆ ಎರಡು ತಿಂಗಳು ಚಿನ್ನದಂಥವು. ಕಬ್ಬಿಣದ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೆ ಎರಡು–ಮೂರು ವಾರಕ್ಕೆ ಸುಮಾರು ಒಂದು ಗ್ರಾಂ ಏರಬಹುದು. ಮಾತ್ರೆಯನ್ನು ಚಹದ ಜೊತೆ ನುಂಗಬೇಡಿ, ಚಹ ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ. ಲಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ. ಮಲ ಕಪ್ಪಾಗುತ್ತದೆ, ಹೆದರಿ ಬಿಡಬೇಡಿ. ಹೊಟ್ಟೆ ತೊಳಸಿದರೆ ಡಾಕ್ಟರರಿಗೆ ಹೇಳಿ, ದಿನ ಬಿಟ್ಟು ದಿನ ಕೊಟ್ಟರೂ ಕೆಲಸ ಮಾಡುತ್ತದೆ. ಸಮಯ ಕಡಿಮೆ ಇದ್ದರೆ ಕಬ್ಬಿಣವನ್ನು ಸಲಾಯಿನ್ ಮೂಲಕ ನರಕ್ಕೆ ಕೊಡಬಹುದು.

ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಹೊಟ್ಟೆಯಲ್ಲಿ ಕೊಕ್ಕೆಹುಳು ಇದ್ದರೆ, ಮೂಲವ್ಯಾಧಿಯಿಂದ ದಿನಾ ರಕ್ತ ಹೋಗುತ್ತಿದ್ದರೆ, ಮುಟ್ಟಿನಲ್ಲಿ ಅತಿಯಾಗಿ ಹೋಗುತ್ತಿದ್ದರೆ, ಮಾತ್ರೆ ತಿಂದದ್ದು ತೂತು ಕೊಡಕ್ಕೆ ನೀರು ಹೊಯ್ದಂತೆ. ಮೊದಲು ತೂತು ಮುಚ್ಚಬೇಕು. ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ ಎಂಬುದೂ ನೆನಪಿರಲಿ. ಅದಕ್ಕೇ ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಬೇಕು. ಇನ್ನೊಂದು ಎಚ್ಚರಿಕೆ. ರಕ್ತ ಏರಲಿ ಎಂದು ನೀವಾಗಿ ಆಪರೇಶನ್ ಮುಂದೂಡಬೇಡಿ. ಉಸಿರು ಸಿಗದೆ ಕೂತೇ ರಾತ್ರಿ ಕಳೆಯುವವರಿಗೆ ಕಾಯುವಷ್ಟು ಸಮಯವಿಲ್ಲ. ಕಾಯಬಹುದೇ ಎಂಬುದನ್ನು ತಜ್ಞರು ಹೇಳಬೇಕು.

"ಒಂದ ಬಾಟ್ಲಿ ರಕ್ತ ಏರಸ್ರಿ, ಶಕ್ತಿ ಬರ್ತದ" ಎನ್ನುವವರು ನಮ್ಮಲ್ಲಿ ಬಹಳ. ರಕ್ತ ಟಾನಿಕ್ ಅಲ್ಲ. ಅದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುವ ಜೀವಂತ ಅಂಗಾಂಶ. ಚಳಿ–ಜ್ವರ, ತುರಿಕೆ ಆಗಬಹುದು. ಅಪರೂಪಕ್ಕೆ ಶ್ವಾಸಕೋಶಕ್ಕೆ ತೊಂದರೆಯಾಗಬಹುದು. ಕವಾಟ ಕೆಟ್ಟ ಹೃದಯಕ್ಕೆ ಬೇಗ ಬೇಗ ರಕ್ತ ಏರಿಸಿದರೆ ಆ ಭಾರಕ್ಕೇ ಉಸಿರು ಕಟ್ಟಬಹುದು. ಗುಂಪು ಅದಲುಬದಲಾದರಂತೂ ಪ್ರಾಣಕ್ಕೆ ಅಪಾಯ. ರಕ್ತ ಏರಿಸುವ ಮೊದಲು ನರ್ಸ್ ಬಂದು ನಿಮ್ಮ ಹೆಸರನ್ನು ಎರಡು ಸಲ ಕೇಳಿದರೆ ಬೇಸರಿಸಬೇಡಿ.

ಎಕ್ಸ್‌ರೇ, ಎಕೋ ಚೀಟಿಗಳ ಜೊತೆ ಇನ್ನೊಂದು ಚೀಟಿ

ಆಪರೇಶನ್ನಿಗೆ ಹೋಗುವ ಮೊದಲು, ಮನೆಯಲ್ಲಿ ತೆಗೆದುಕೊಳ್ಳುವ ಎಲ್ಲ ಔಷಧಗಳನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ತಂದ ಗುಳಿಗೆ, ನಾಟಿ ಔಷಧ, ಬೆಳ್ಳುಳ್ಳಿಯ ಕ್ಯಾಪ್ಸೂಲ್, ಎಲ್ಲವೂ ಬೇಕು. ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆಗಳು, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇವು ಪ್ಲೇಟ್ಲೆಟ್‌ಗಳ ಕೆಲಸವನ್ನು ಮಂದಗೊಳಿಸುತ್ತವೆ. ಕ್ಲೊಪಿಡೊಗ್ರೆಲ್‌ನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ. ಮೊದಲಿಂದಲೇ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದವರಿಗೆ ಅದನ್ನು ನಿಲ್ಲಿಸಿ ಹೆಪಾರಿನ್ ಸೂಜಿಗೆ ಬದಲಿಸುವುದೂ ಉಂಟು. ಯಾವುದನ್ನು ಯಾವ ದಿನ ನಿಲ್ಲಿಸಬೇಕು ಎಂಬುದನ್ನು ಆಸ್ಪತ್ರೆಯವರು ಹೇಳಬೇಕು, ಪಕ್ಕದ ಮನೆಯವರಲ್ಲ. ಹಿಂದೆ ಹಲ್ಲು ಕೀಳಿಸಿದಾಗ ಅಥವಾ ಹೆರಿಗೆಯಲ್ಲಿ ರಕ್ತ ನಿಲ್ಲದೆ ತೊಂದರೆಯಾಗಿದ್ದರೆ ಅದನ್ನೂ ಆ ಚೀಟಿಯಲ್ಲಿ ಬರೆಯಿರಿ. ಹುಳುಕು ಹಲ್ಲುಗಳನ್ನು ಆಪರೇಶನ್ನಿಗೆ ಮೊದಲೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಕವಾಟ ಕೂಡಿಸಿದ ಮೇಲೆ ಹಲ್ಲು ಕೀಳುವುದು ರಕ್ತಸ್ರಾವದ ದೃಷ್ಟಿಯಿಂದಲೂ ಸೋಂಕಿನ ದೃಷ್ಟಿಯಿಂದಲೂ ತೊಡಕಿನ ಕೆಲಸ.

ಯಾರು ಕೊಡಬೇಕು?

ಊರು ಬಿಟ್ಟು ಊರಿಗೆ ಹೋದವರಿಗೆ ನಿಜವಾದ ಫಜೀತಿ ಇಲ್ಲಿದೆ. "ನಾಲ್ಕು ಜನ ದಾನಿಗಳನ್ನು ಕರೆತನ್ನಿ" ಎಂದು ರಕ್ತನಿಧಿಯವರು ಹೇಳುತ್ತಾರೆ. ರೋಗಿಯ ಗುಂಪು ಬಿ ಪಾಸಿಟಿವ್ ಎಂದು ತಿಳಿದೊಡನೆ ಮನೆಯವರು ಬಿ ಪಾಸಿಟಿವ್ ಇರುವವರನ್ನೇ ಹುಡುಕಿ ಫೋನು ಮಾಡತೊಡಗುತ್ತಾರೆ. ಇದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನೀವು ಕೊಟ್ಟ ರಕ್ತ ನಿಧಿಗೆ ಜಮೆಯಾಗುತ್ತದೆ, ರೋಗಿಗೆ ಬೇಕಾದ ಗುಂಪಿನದನ್ನು ಅವರು ನಿಧಿಯಿಂದ ಕೊಡುತ್ತಾರೆ. ಯಾವ ಗುಂಪಿನವರಾದರೂ ದಾನ ಮಾಡಬಹುದು. ನೆಗೆಟಿವ್ ಗುಂಪಿನ ರೋಗಿಗಳಿಗೆ ಮಾತ್ರ ಮುಂಚಿತವಾಗಿ ಅದೇ ಗುಂಪಿನವರನ್ನು ಹುಡುಕಿಟ್ಟುಕೊಳ್ಳುವುದು ಒಳ್ಳೆಯದು.

"ನನ್ನ ಮಗನ ರಕ್ತಾನೇ ನನಗ ಹಾಕ್ರಿ" ಎಂದು ಹಠ ಹಿಡಿಯುವ ಹಿರಿಯರಿದ್ದಾರೆ. ಮಮತೆ ಅರ್ಥವಾಗುತ್ತದೆ, ಆದರೆ ವೈದ್ಯಶಾಸ್ತ್ರದ ಲೆಕ್ಕ ಬೇರೆ. ಹತ್ತಿರದ ರಕ್ತಸಂಬಂಧಿಯ ಬಿಳಿಕಣಗಳನ್ನು ರೋಗಿಯ ಮೈ ಪರಕೀಯವೆಂದು ಗುರುತಿಸದೆ ಬಿಟ್ಟುಬಿಡಬಹುದು. ಆಗ ಆ ಕಣಗಳೇ ರೋಗಿಯ ಮೇಲೆ ತಿರುಗಿ ಬೀಳುವ ಒಂದು ಕಾಯಿಲೆ ಉಂಟು. ಬಹಳ ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ವಿಕಿರಣಕ್ಕೆ ಒಡ್ಡದೆ ಅಂಥ ರಕ್ತ ಕೊಡಬಾರದು. ಮುಂದೆ ಮಕ್ಕಳನ್ನು ಹೆರಬೇಕಾದ ಹೆಂಡತಿಗೆ ಗಂಡನ ರಕ್ತ ಕೊಡುವುದನ್ನೂ ತಪ್ಪಿಸುತ್ತೇವೆ, ಹುಟ್ಟುವ ಮಗುವಿನ ರಕ್ತಕಣಗಳ ಮೇಲೆ ತಾಯಿಯ ಮೈ ದಾಳಿಮಾಡುವ ಸಂಭವವಿದೆ. ಗಂಡ–ಮಕ್ಕಳು ನಿಧಿಗೆ ರಕ್ತ ಕೊಡಲಿ, ಅದು ಬೇರೆಯವರಿಗೆ ಹೋಗಲಿ, ರೋಗಿಗೆ ಬೇರೆಯವರದು ಬರಲಿ.

ಹದಿನೆಂಟರಿಂದ ಅರವತ್ತೈದು ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ತೆಗೆಯುವುದು 350 ಅಥವಾ 450 ಮಿಲಿಲೀಟರ್. ಇದರಲ್ಲಿನ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪುಕಣಗಳು ಕೆಲವು ವಾರಗಳಲ್ಲಿ. ರಕ್ತ ಕೊಟ್ಟರೆ ಗಂಡಸುತನ ಹೋಗುತ್ತದೆ, ಹೊಲದ ಕೆಲಸಕ್ಕೆ ಬಾರದಂತಾಗುತ್ತೇವೆ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಆಪರೇಶನ್ ದಿನ ಜೀಪು ತುಂಬ ಬಂದ ನೆಂಟರು ರಕ್ತ ಕೊಡುವ ಹೊತ್ತಿಗೆ ಚಹದ ಅಂಗಡಿಯ ಕಡೆ ಸರಿದುಬಿಡುವುದು ಇದೇ ಭಯದಿಂದ. ಹುಮನಾಬಾದಿನಿಂದ ಹೊರಡುವ ಮೊದಲೇ ಕೂತು ಮಾತಾಡಿ, ಕೊಡುತ್ತೇನೆಂದು ಒಪ್ಪಿದವರ ಹಿಮೋಗ್ಲೋಬಿನ್ ಇಲ್ಲೇ ನೋಡಿಸಿಕೊಂಡು ಹೋದರೆ, ಅಲ್ಲಿ ಹೋಗಿ "ನಿಮಗೇ ರಕ್ತ ಕಡಿಮೆ ಇದೆ" ಎಂದು ಹೇಳಿಸಿಕೊಂಡು ವಾಪಸಾಗುವುದು ತಪ್ಪುತ್ತದೆ.

ಆಸ್ಪತ್ರೆಯ ಬಾಗಿಲಲ್ಲಿ ದುಡ್ಡು ಕೇಳಿ ರಕ್ತ ಕೊಡುವವರು ಸಿಕ್ಕರೆ ದೂರವಿರಿ. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, 1998ರ ಜನವರಿ 1ರಿಂದ ದೇಶದಲ್ಲಿ ರಕ್ತ ಮಾರುವ ದಂಧೆಗೆ ನಿಷೇಧವಿದೆ. ನಿಧಿಯವರು ಪಡೆಯಬಹುದಾದದ್ದು ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ ಮಾತ್ರ. ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಈ ಐದು ಪರೀಕ್ಷೆಗಳು ಪ್ರತಿ ಬಾಟಲಿಗೂ ಕಡ್ಡಾಯ. ಆದರೂ ಸೋಂಕು ತಗಲಿದ ಮೊದಲ ಕೆಲವು ದಿನ ಪರೀಕ್ಷೆಯಲ್ಲಿ ಕಾಣಿಸದೇ ಇರಬಹುದು. ಹಣದ ಆಸೆಗೆ ತನ್ನ ಕಾಯಿಲೆಯನ್ನು ಮುಚ್ಚಿಡುವವನ ರಕ್ತಕ್ಕೂ ಮನಸಾರೆ ಕೊಡುವವನ ರಕ್ತಕ್ಕೂ ಇರುವ ವ್ಯತ್ಯಾಸ ಇದೇ.

ಒಂದು ಬಾಟಲಿಯಿಂದ ಈಗ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್ಲೆಟ್ ಎಂದು ಮೂರು ಭಾಗ ಮಾಡುತ್ತಾರೆ. ಕೆಂಪುಕಣ ಆರು ವಾರ ಕೆಡದೆ ಇರುತ್ತದೆ, ಪ್ಲಾಸ್ಮಾ ಮಂಜುಗಟ್ಟಿಸಿದರೆ ಒಂದು ವರ್ಷ. ಪ್ಲೇಟ್ಲೆಟ್ ಮಾತ್ರ ಐದೇ ದಿನ. ಕವಾಟದ ಆಪರೇಶನ್ನಿನಲ್ಲಿ ಯಂತ್ರದಿಂದ ದಣಿಯುವುದೂ ಇದೇ ಪ್ಲೇಟ್ಲೆಟ್. ಆದ್ದರಿಂದ ಎಲ್ಲ ದಾನಿಗಳೂ ಒಂದು ತಿಂಗಳು ಮೊದಲೇ ಕೊಟ್ಟು ಮುಗಿಸುವುದಕ್ಕಿಂತ, ಒಂದಿಬ್ಬರು ಆಪರೇಶನ್ನಿನ ವಾರಕ್ಕೆ ಉಳಿದಿರುವುದು ಲೇಸು.

ಎದೆಯ ನಳಿಕೆಗಳು

ಆಪರೇಶನ್ ಮುಗಿದು ಐ.ಸಿ.ಯು.ಗೆ ತಂದಾಗ ರೋಗಿಯ ಎದೆಯಿಂದ ನಳಿಕೆಗಳು ಇಳಿದಿರುತ್ತವೆ, ಅದರಲ್ಲಿ ರಕ್ತ ಬರುತ್ತಿರುತ್ತದೆ. ಕಂಡು ಗಾಬರಿಯಾಗಬೇಡಿ, ಅದು ಬರಲೆಂದೇ ಇಟ್ಟದ್ದು. ಎದೆಯೊಳಗೆ ಉಳಿದು ಹೆಪ್ಪುಗಟ್ಟಿ ಹೃದಯವನ್ನು ಒತ್ತಿಹಿಡಿದರೆ ಅಪಾಯ. ಗಂಟೆಗೆಷ್ಟು ಬಂತು ಎಂದು ಅಳೆಯುತ್ತಾರೆ, ಸಾಮಾನ್ಯವಾಗಿ ಅದು ಗಂಟೆಯಿಂದ ಗಂಟೆಗೆ ಇಳಿಯುತ್ತದೆ. ಇಳಿಯದಿದ್ದರೆ ಪ್ಲೇಟ್ಲೆಟ್, ಪ್ಲಾಸ್ಮಾ ಕೊಟ್ಟು ನೋಡುತ್ತಾರೆ. ಅದಕ್ಕೂ ನಿಲ್ಲದ ಕೆಲವರನ್ನು ಮತ್ತೆ ಥಿಯೇಟರಿಗೆ ಒಯ್ದು ಎದೆ ತೆರೆದು ನೋಡಬೇಕಾಗುತ್ತದೆ. ನಡುರಾತ್ರಿ ಹೀಗಾದಾಗ "ಡಾಕ್ಟರು ಏನೋ ಕೆಡಿಸಿದರು" ಎಂದು ಗದ್ದಲ ಎಬ್ಬಿಸುವವರಿದ್ದಾರೆ. ತಡಮಾಡದೆ ಮತ್ತೆ ತೆರೆದದ್ದರಿಂದಲೇ ಬದುಕಿದ ರೋಗಿಗಳು ಬಹಳ. ಆ ಹೊತ್ತಿನಲ್ಲಿ ನೀವು ಮಾಡಬಹುದಾದ ಉಪಕಾರವೆಂದರೆ ಸಹಿಗೆ ಒಬ್ಬರು, ರಕ್ತಕ್ಕೆ ಒಬ್ಬರು ಆಸ್ಪತ್ರೆಯಲ್ಲೇ ಇರುವುದು.

ಬೂಸಲು ಹಿಡಿದ ಮೇವಿನ ಕಥೆ

ಆಪರೇಶನ್ ಆಗಿ ಊರಿಗೆ ಮರಳಿದ ಮೇಲೆ ರಕ್ತದ ಚಿಂತೆ ತೀರಿತೆಂದು ತಿಳಿಯುತ್ತಾರೆ. ಲೋಹದ ಕವಾಟ ಕೂಡಿಸಿದ್ದರೆ ಹಾಗಲ್ಲ. ರಾತ್ರಿ ಮನೆ ಶಾಂತವಾದಾಗ ಅದರ ಟಿಕ್ ಟಿಕ್ ಸದ್ದು ಕೇಳಿಸುತ್ತದೆ. ಆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಮಾತ್ರೆ ನುಂಗಬೇಕು, ವಾರ್ಫರಿನ್ ಅಥವಾ ಅಸಿಟ್ರಾಂ ಹೆಸರಿನಲ್ಲಿ ಸಿಗುವ ಅದರ ಸೋದರ ಔಷಧ. ಜೈವಿಕ ಕವಾಟದವರಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಸಾಕಾಗುತ್ತದೆ, ಆದರೆ ಆ ಕವಾಟ ಸವೆಯುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ.

ಈ ಮಾತ್ರೆಯ ಹುಟ್ಟನ್ನು ರೈತರು ಕೇಳಬೇಕು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸಲು ಹಿಡಿದ ಒಂದು ಬಗೆಯ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ, ಹೆಪ್ಪುಗಟ್ಟದ ಆ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಹಿಮದ ನಡುವೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ಕಾರ್ಲ್ ಲಿಂಕ್ ಎಂಬ ವಿಜ್ಞಾನಿ ವರ್ಷಗಟ್ಟಲೆ ದುಡಿದು ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಹುಟ್ಟಿದ ವಾರ್ಫರಿನ್ ಮೊದಲು 1948ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಪಾಷಾಣವೂ ಔಷಧವೂ ಒಂದೇ, ವ್ಯತ್ಯಾಸ ಪ್ರಮಾಣದಲ್ಲಿ.

ಆ ಪ್ರಮಾಣವನ್ನು ತಿಳಿಯಲು ಇರುವ ಪರೀಕ್ಷೆಯೇ ಐ.ಎನ್.ಆರ್. ಸಾಮಾನ್ಯರಲ್ಲಿ ಅದು 1ರ ಹತ್ತಿರ. ಲೋಹದ ಅಯೋರ್ಟಿಕ್ ಕವಾಟದವರಿಗೆ ಸುಮಾರು 2.5, ಮೈಟ್ರಲ್ ಕವಾಟದವರಿಗೆ ಸುಮಾರು 3 ಇರಬೇಕು. ನಿಮ್ಮ ಗುರಿ ಎಷ್ಟು ಎಂಬುದನ್ನು ಸರ್ಜನ್ ಬರೆದುಕೊಟ್ಟಿರುತ್ತಾರೆ. ಕಡಿಮೆಯಾದರೆ ಕವಾಟ ಹೆಪ್ಪಿನಿಂದ ಕಟ್ಟಿಕೊಳ್ಳಬಹುದು, ಹೆಪ್ಪಿನ ಚೂರು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಹೆಚ್ಚಾದರೆ ರಕ್ತಸ್ರಾವ. ಮೊದಲ ವಾರಗಳಲ್ಲಿ ಪದೇ ಪದೇ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ, ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ನೋಡಿಸಿ. ನಾನು ಕಂಡಂತೆ ನಮ್ಮ ಕಡೆ ರೋಗಿಗಳು ಕಷ್ಟಕ್ಕೆ ಸಿಕ್ಕುವುದು ಆಪರೇಶನ್ನಿನಲ್ಲಲ್ಲ, ಅದಾಗಿ ಎರಡು–ಮೂರು ವರ್ಷಕ್ಕೆ. "ಆರಾಮ ಆಗೇದ, ಇನ್ನ್ಯಾಕ ಗುಳಿಗಿ" ಎಂದು ಬಿಡುತ್ತಾರೆ. ಒಂದು ದಿನ ಟಿಕ್ ಟಿಕ್ ಸದ್ದು ಮಂದವಾಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಸದ್ದು ಬದಲಾಯಿತೆಂದರೆ ಆ ಗಂಟೆಯಲ್ಲೇ ಹೊರಡಿ.

ಪರೀಕ್ಷೆಯ ತಾಪತ್ರಯವಿಲ್ಲದ ಹೊಸ ಮಾತ್ರೆಗಳು ಬಂದಿವೆಯಂತೆ, ಬದಲಿಸಿಕೊಡಿ ಎಂದು ಕೇಳುವವರಿದ್ದಾರೆ. ಲೋಹದ ಕವಾಟದವರಿಗೆ ಅವು ಬೇಡ. ಡಾಬಿಗಟ್ರಾನ್ ಎಂಬ ಅಂಥ ಮಾತ್ರೆಯನ್ನು ಇವರ ಮೇಲೆ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು ಎಂದು ಕಂಡು ಆ ಪ್ರಯೋಗವನ್ನೇ ನಡುವೆ ನಿಲ್ಲಿಸಿದರು. ಅದರ ವರದಿ 2013ರಲ್ಲಿ ಪ್ರಕಟವಾಯಿತು.

ವಾರ್ಫರಿನ್ ಕೆಲಸ ಮಾಡುವುದು ವಿಟಮಿನ್ ಕೆ ಎಂಬುದಕ್ಕೆ ಅಡ್ಡಗಾಲು ಹಾಕಿ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಬಹಳ. ಹಾಗೆಂದು ಸೊಪ್ಪು ಬಿಡಬೇಕಿಲ್ಲ, ರಕ್ತಹೀನತೆಯವರಂತೂ ಬಿಡಲೇಬಾರದು. ಮೆಂತ್ಯ, ಪಾಲಕ, ಪುಂಡಿಪಲ್ಯ ಯಾವುದೇ ಇರಲಿ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ರೊಟ್ಟಿ–ಭಜ್ಜಿ ತಿಂದರೆ ಏನೂ ಆಗದು. ಸುಗ್ಗಿಯೆಲ್ಲ ದಿನವೂ ಬಟ್ಟಲು ಬಟ್ಟಲು ಸೊಪ್ಪು ತಿಂದು, ಬೇಸಿಗೆಯಲ್ಲಿ ಒಮ್ಮೆಲೇ ಬಿಟ್ಟರೆ ಐ.ಎನ್.ಆರ್. ಏರುಪೇರಾಗುತ್ತದೆ. ಇದಕ್ಕಿಂತ ದೊಡ್ಡ ಕಾಟ ಬೇರೆ ಔಷಧಗಳದು. ಭೇದಿಗೆ ತೆಗೆದುಕೊಳ್ಳುವ ಮೆಟ್ರೊನಿಡಜೋಲ್, ಸಲ್ಫಾ ಗುಳಿಗೆ, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಐ.ಎನ್.ಆರ್.ಅನ್ನು ಸರ್ರನೆ ಏರಿಸುತ್ತವೆ. ಯಾವ ಡಾಕ್ಟರ ಹತ್ತಿರ ಹೋದರೂ ಕೂತೊಡನೆ "ನನಗ ಕವಾಟ ಹಾಕ್ಯಾರ್ರಿ, ರಕ್ತ ತೆಳು ಆಗೋ ಗುಳಿಗಿ ತಗೋತೀನ್ರಿ" ಎಂದು ಹೇಳಿ. ಸೊಂಟಕ್ಕೆ ಸೂಜಿ ಹಾಕಿ ಎಂದು ಹಠ ಮಾಡಬೇಡಿ, ಸ್ನಾಯುವಿನೊಳಗೆ ರಕ್ತ ಗಡ್ಡೆಕಟ್ಟಬಹುದು. ಪೆನಿಸಿಲಿನ್ ಸೂಜಿಯಲ್ಲಿದ್ದವರು ಇದನ್ನೇ ನೆಪಮಾಡಿ ಅದನ್ನು ಬಿಡಬಾರದು. ಸೂಜಿಯೋ ಮಾತ್ರೆಯೋ ಎಂಬುದನ್ನು ತಜ್ಞರು ಗೊತ್ತುಮಾಡುತ್ತಾರೆ.

ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ, ಮುಟ್ಟಿನ ಸ್ರಾವ ಮೊದಲಿಗಿಂತ ಬಹಳವಾದರೆ ಅದೇ ದಿನ ಬನ್ನಿ. ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದರೆ, ಮೇಲೆ ಗಾಯವಿಲ್ಲದಿದ್ದರೂ, ರೋಗಿ ಚೆನ್ನಾಗಿ ಮಾತಾಡುತ್ತಿದ್ದರೂ, ಸಿ.ಟಿ. ಸ್ಕ್ಯಾನ್ ಇರುವಲ್ಲಿಗೆ ಒಯ್ಯಿರಿ. ಒಂದು ದಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಡಿ.

ಕೊನೆಯದಾಗಿ, ಮದುವೆಯಾಗಬೇಕಾದ ಹೆಣ್ಣುಮಕ್ಕಳ ವಿಷಯ. ಬೀಗರಿಗೆ ತಿಳಿಯದಿರಲೆಂದು ಕವಾಟದ ಮಾತನ್ನು ಮುಚ್ಚಿಟ್ಟು ಮದುವೆ ಮಾಡಿದವರಿದ್ದಾರೆ. ಆ ಹುಡುಗಿ ಗಂಡನ ಮನೆಯಲ್ಲಿ ಮಾತ್ರೆಯನ್ನು ಕದ್ದು ನುಂಗಬೇಕು, ಇಲ್ಲವೆ ಬಿಡಬೇಕು. ಬಸಿರಾದರಂತೂ ಇನ್ನೂ ಕಷ್ಟ. ವಾರ್ಫರಿನ್ ಮೊದಲ ಮೂರು ತಿಂಗಳಲ್ಲಿ ಕೂಸಿನ ಬೆಳವಣಿಗೆಯನ್ನು ಕೆಡಿಸಬಹುದು, ಮಾತ್ರೆ ಬಿಟ್ಟರೆ ತಾಯಿಯ ಕವಾಟವೇ ಕಟ್ಟಿಕೊಳ್ಳಬಹುದು. ಹೆಪಾರಿನ್ ಸೂಜಿಗೆ ಬದಲಿಸಿ, ಮತ್ತೆ ಮಾತ್ರೆಗೆ ತಂದು, ಹೆರಿಗೆಗೆ ಮೊದಲು ಇನ್ನೊಮ್ಮೆ ಬದಲಿಸುವ ಕ್ರಮಗಳಿವೆ. ಅದಕ್ಕೆ ಹೃದ್ರೋಗ ತಜ್ಞರೂ ಹೆರಿಗೆ ತಜ್ಞರೂ ಒಟ್ಟಿಗೆ ಇರುವ ಆಸ್ಪತ್ರೆ ಬೇಕು, ಬಸಿರಾಗುವ ಮೊದಲೇ ಹೋಗಿ ಕೇಳಬೇಕು. ಆಪರೇಶನ್ನಿಗೆ ಮೊದಲೇ ಸರ್ಜನ್‌ಗೆ "ಇನ್ನೂ ಮಕ್ಕಳಾಗಬೇಕು" ಎಂದು ಹೇಳಿದರೆ, ಯಾವ ಕವಾಟ ಹಾಕುವುದು ಎಂಬುದನ್ನು ಅವರು ಅದಕ್ಕೆ ತಕ್ಕಂತೆ ಯೋಚಿಸುತ್ತಾರೆ.